ಶೆಟ್ರ ಹೋಟೆಲಿನ ತೊಟ್ಟಿಗೆ ಕಾರ್ಬನ್

ಚೆಂಬೂರು, ಮುಂಬಯಿ
13 ಜುಲೈ 2025, ಭಾನುವಾರ

ಬೆಳಿಗ್ಗೆ ಕಾಫಿ ಮುಗಿಯುವ ಮೊದಲೇ ಶೆಟ್ರ ಫೋನು. "ಎಂತ ಮಾರಾಯ್ರೆ, ಮೀನಿನ ತೊಟ್ಟಿ ನೀರು ಕಷಾಯದ ಹಾಗೆ ಆಗಿದೆ. ಗಲ್ಲಾದ ಹತ್ರ ಬಂದವರೆಲ್ಲ 'ಪಾನಿ ಕಬ್ ಬದ್ಲಾ ಥಾ?' ಅಂತ ಕೇಳ್ತಾರೆ. ಒಮ್ಮೆ ಬಂದು ನೋಡಿ ಹೋಗಿ."

ಮಳೆಯಲ್ಲೇ ಹೋದೆ. ನೀರು ಕೊಳಕಾಗಿರಲಿಲ್ಲ. ತೊಟ್ಟಿಯ ಆಚೆ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ತಾರೀಕು ಈಚೆಯಿಂದಲೇ ಓದಬಹುದಿತ್ತು. ಬಣ್ಣ ಮಾತ್ರ ಕಂದು. ತೊಟ್ಟಿಯಲ್ಲಿ ಅಲಂಕಾರಕ್ಕಿಟ್ಟ ಹೊಸ ಮರದ ತುಂಡು, ಅಂದರೆ ಡ್ರಿಫ್ಟ್‌ವುಡ್, ನೀರಿಗೆ ಬಿಡುವ ಟ್ಯಾನಿನ್ ಎಂಬ ಕಂದು ಅಂಶ ಅದು. ಮೀನಿಗೇನೂ ತೊಂದರೆಯಿಲ್ಲ, ಬೆಟ್ಟಾ ಮೀನು ಸಾಕುವವರು ಕಾಡುಬಾದಾಮಿಯ ಒಣಗಿದ ಎಲೆ ಹುಡುಕಿ ತಂದು, ಬೇಕಂತಲೇ ಈ ಬಣ್ಣ ಬರಿಸುತ್ತಾರೆ. ನನ್ನ ಮನೆಯದಾಗಿದ್ದರೆ ಹಾಗೇ ಬಿಡುತ್ತಿದ್ದೆ. ಮಸಾಲೆ ದೋಸೆಗೆ ಕಾಯುತ್ತಿರುವವರನ್ನು ಹಿಡಿದು ಟ್ಯಾನಿನ್ ಪಾಠ ಮಾಡೋಕಾಗುತ್ತಾ?

ಆಕ್ಟಿವೇಟೆಡ್ ಕಾರ್ಬನ್ ಹಾಕೋಣ ಅಂದೆ. ಶೆಟ್ರು ಲೆಕ್ಕದ ಮನುಷ್ಯ. "ನಮ್ಮ ತಂದೂರಿನ ಇದ್ದಿಲು ಆಗಲಿಕ್ಕಿಲ್ವಾ?" ಆಗಲ್ಲ. ಆಕ್ಟಿವೇಟೆಡ್ ಕಾರ್ಬನ್ನಿಗೆ ತೆಂಗಿನ ಚಿಪ್ಪಿನಂಥದ್ದನ್ನು ಸುಟ್ಟು ಇದ್ದಿಲು ಮಾಡಿದ ಮೇಲೆ ಸುಮಾರು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆ ಹಾಯಿಸುತ್ತಾರೆ. ಆಗ ಒಳಗೆಲ್ಲ ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ. ಒಂದೇ ಗ್ರಾಂ ಕಾರ್ಬನ್ನಿನ ಒಳಮೈ ಬಿಡಿಸಿದರೆ 500 ಚದರ ಮೀಟರಿಗೂ ಮೀರುತ್ತದೆ. ಟ್ಯಾನಿನ್, ಬಣ್ಣ, ವಾಸನೆ ಎಲ್ಲ ಆ ಗೋಡೆಗೆ ಅಂಟಿ ಕೂರುವುದು. ಜಾಗ ತುಂಬಿದ ಮೇಲೆ ಅದು ಬರೀ ಕರಿ ಹರಳು. ಮೂರು ನಾಲ್ಕು ವಾರಕ್ಕೆ ಎಸೆಯಬೇಕು. ತೊಳೆದು ಒಣಗಿಸಿ, ಓವನ್ನಿನಲ್ಲಿಟ್ಟು ಮತ್ತೆ ಬಳಸುವ ಉಪಾಯ ಹೇಳುವವರಿದ್ದಾರೆ. ಮನೆಯ ಓವನ್ ಆ ಶಾಖದ ಹತ್ತಿರಕ್ಕೂ ಹೋಗುವುದಿಲ್ಲ.

ಕಾರ್ಬನ್ನನ್ನು ನೆಟ್ ಚೀಲಕ್ಕೆ ಸುರಿದು ನಲ್ಲಿಯ ಕೆಳಗೆ ಹಿಡಿದೆ. ಮೊದಲು ಮಸಿಯಂಥ ನೀರು, ಆಮೇಲೆ ಬೂದು, ಕೊನೆಗೆ ತಿಳಿ. ಈ ಪುಡಿ ಹೋಗದಿದ್ದರೆ ತೊಟ್ಟಿ ತುಂಬಾ ಕಪ್ಪು. ಮೇಲಿನ ಫಿಲ್ಟರಿನಲ್ಲಿ ಸ್ಪಾಂಜ್ ಮೊದಲು, ಚೀಲ ಆಮೇಲೆ. ಇಲ್ಲದಿದ್ದರೆ ಕಸವೇ ಕಾರ್ಬನ್ನಿನ ಬಾಯಿ ಮುಚ್ಚುತ್ತದೆ. ಚೀಲವನ್ನು ಟ್ರೇ ಅಗಲಕ್ಕೂ ಹರಡಿದೆ. ಉಂಡೆಯಾಗಿ ಒಂದು ಮೂಲೆಯಲ್ಲಿ ಬಿದ್ದಿದ್ದರೆ ನೀರು ಪಕ್ಕದಿಂದಲೇ ಜಾರಿ ಹೋಗುತ್ತೆ.

"ಇನ್ನು ನೀರು ಬದಲಾಯಿಸೋದು ಬೇಡ ಅಲ್ವಾ?" ಇದಕ್ಕೇ ನನಗೆ ಕಾರ್ಬನ್ ಮೇಲೆ ಸ್ವಲ್ಪ ಸಿಟ್ಟು. ಅಮೋನಿಯಾ, ನೈಟ್ರೇಟ್ ಇದು ಹಿಡಿಯುವುದಿಲ್ಲ. ಆ ಕೆಲಸ ಬ್ಯಾಕ್ಟೀರಿಯಾದ್ದು, ಗಿಡಗಳದ್ದು, ಬಕೆಟಿನದ್ದು. ಕ್ಲೋರಿನ್ ಹಿಡಿಯುತ್ತದೆ ನಿಜ, ಆದರೆ ಪಾಲಿಕೆಯ ನಲ್ಲಿನೀರನ್ನು ನೇರವಾಗಿ ಸುರಿದರೆ ಫಿಲ್ಟರಿಗೆ ತಲುಪುವ ಮೊದಲೇ ಮೀನಿನ ಕಿವಿರು ಸುಟ್ಟಿರುತ್ತದೆ. ಆಂಟಿ-ಕ್ಲೋರಿನ್ ಹನಿ ಬಕೆಟಿಗೇ ಬೀಳಬೇಕು.

ಗಿಡದ ತೊಟ್ಟಿಯಲ್ಲಿ ವರ್ಷವಿಡೀ ಕಾರ್ಬನ್ ಇಡುವುದು ನನಗೆ ಒಗ್ಗದ ಮಾತು. ಪೊಟ್ಯಾಶಿಯಂ ಅದನ್ನು ದಾಟಿ ಹೋಗುತ್ತದೆ, ಸರಿ. ದ್ರವಗೊಬ್ಬರದಲ್ಲಿ ನೀರಲ್ಲಿ ಕರಗಿಯೇ ಇರಲಿ ಅಂತ ಇಡಿಟಿಎ ಎಂಬ ರಾಸಾಯನಿಕದ ಜೊತೆ ಕಟ್ಟಿದ ಕಬ್ಬಿಣವಿರುತ್ತದಲ್ಲ, ಅದರಲ್ಲಿ ಒಂದಿಷ್ಟನ್ನು ಕಾರ್ಬನ್ ನುಂಗಿಬಿಡಬಹುದು. ದುಡ್ಡು ಕೊಟ್ಟು ಗೊಬ್ಬರ ತಂದು ಚೀಲಕ್ಕೆ ಉಣ್ಣಿಸುವುದ್ಯಾಕೆ? ಬಣ್ಣ ಹೋದ ಕೂಡಲೇ ತೆಗೆದುಬಿಡಿ, ಆಮೇಲೆ ಗೊಬ್ಬರ ಶುರು ಮಾಡಿ ಅಂದೆ.

ಗಲ್ಲಾದ ಹುಡುಗನಿಗೆ ಇನ್ನೊಂದು ಮಾತು ಎರಡೆರಡು ಸಲ ಹೇಳಿ ಬಂದೆ. ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡರೆ ಅಂಗಡಿಯವರು ಔಷಧಿ ಬಾಟಲಿ ಕೊಡುತ್ತಾರೆ, ಚೀಲ ತೆಗಿ ಅಂತ ಹೇಳುವುದಿಲ್ಲ. ಮಲಾಕೈಟ್ ಗ್ರೀನ್ ಇರಲಿ, ಮಿಥಿಲೀನ್ ಬ್ಲೂ ಇರಲಿ, ಕಾರ್ಬನ್ ಹೀರಿಕೊಂಡು ಮೀನಿಗೆ ಏನೂ ಉಳಿಸುವುದಿಲ್ಲ. ಮದ್ದು ಮುಗಿದ ಮೇಲೆ ಉಳಿದದ್ದನ್ನು ತೆಗೆಯಲು ಹೊಸ ಚೀಲ ಇಟ್ಟರೆ, ಅದು ಕಾರ್ಬನ್ನಿನ ಸರಿಯಾದ ಉಪಯೋಗ.

ಹೊರಡುವಾಗ ಶೆಟ್ರು ತೊಟ್ಟಿಯಲ್ಲಿದ್ದ ಕ್ರಿಪ್ಟೊಕೊರೈನ್ ಎಂಬ ನೀರುಗಿಡ ತೋರಿಸಿದರು. ಎಲೆಗಳೆಲ್ಲ ಕರಗಿ ಲೋಳೆಯಾಗುತ್ತಿದ್ದವು. "ಇದಕ್ಕೂ ಆ ಕಪ್ಪು ಚೀಲವೇ ಮದ್ದಾ?" ಅಲ್ಲ. ನಮ್ಮ ಪಶ್ಚಿಮ ಘಟ್ಟದ ಸೀಮೆಯಲ್ಲೂ ಬೆಳೆಯುವ ಕುಲ ಅದು, ಜಾಗ ಬದಲಾದರೆ ಎಲೆ ಉದುರಿಸುತ್ತದೆ. ಬೆರಳಿಂದ ಮರಳು ಸರಿಸಿ ನೋಡಿದೆ, ಬೇರು ಬೆಳ್ಳಗೆ ಗಟ್ಟಿಯಾಗಿದೆ. ಕೊಳೆತ ಎಲೆ ಕತ್ತರಿಸಿ, ಗಿಡ ಕೀಳಬೇಡಿ ಅಂದೆ. ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ ಶೆಟ್ರು.