ಪೊಮೋನಾದಲ್ಲಿ ವಾರ್ಪ್ಡ್ ಟೂರಿನ ಕೊನೆಯ ತಿರುಗಾಟ

2018ರ ಜೂನ್ 21ರಂದು ಕ್ಯಾಲಿಫೋರ್ನಿಯಾದ ಪೊಮೋನಾ ನಗರದ ಫೇರ್‌ಪ್ಲೆಕ್ಸ್ ಮೈದಾನದಲ್ಲಿ, ಊರೂರು ಸುತ್ತುವ ರಾಕ್ ಸಂಗೀತೋತ್ಸವವಾದ ವಾರ್ಪ್ಡ್ ಟೂರಿನ ಗೇಟು ದಾಟಿದ ಹುಡುಗ ಹುಡುಗಿಯರು ನೇರವಾಗಿ ವೇದಿಕೆಯ ಕಡೆಗೆ ಹೋಗಲಿಲ್ಲ. ಗಾಳಿ ತುಂಬಿಸಿ ನಿಲ್ಲಿಸಿದ್ದ ಒಂದು ದೊಡ್ಡ ಫಲಕದ ಬಳಿಗೆ ಓಡಿದರು. ಯಾವ ತಂಡ ಯಾವ ವೇದಿಕೆಯಲ್ಲಿ ಎಷ್ಟು ಗಂಟೆಗೆ ಹಾಡುತ್ತದೆ ಎಂಬುದು ಅದರ ಮೇಲಿತ್ತು. ಆ ದಿನ ಬೆಳಗಾಗುವ ತನಕ ಈ ಸಂಗತಿ ಹಾಡಬೇಕಾದವರಿಗೂ ಗೊತ್ತಿರುವುದಿಲ್ಲ. ಹದಿನಾರರ ನನ್ನ ಮಗಳು ಫಲಕದ ಫೋಟೊ ತೆಗೆದುಕೊಂಡು, ಮೆಚ್ಚಿನ ತಂಡಗಳೆರಡು ಒಂದೇ ಹೊತ್ತಿಗೆ ಬಿದ್ದಿವೆಯೆಂದು ಗೊಣಗುತ್ತ ಜನರ ನಡುವೆ ಮರೆಯಾದಳು. ನಾನು ಪಾಲಕರ ಡೇರೆ ಹುಡುಕಿಕೊಂಡು ಹೊರಟೆ.

ಅಂಥದ್ದೊಂದು ಡೇರೆ ನಿಜವಾಗಿಯೂ ಇತ್ತು. ಮಕ್ಕಳು ಹೆತ್ತವರನ್ನು ನೆರಳಿನಲ್ಲಿ ಕೂರಿಸಿ ತಾವು ಹಾಡು ಕೇಳಲು ಹೋಗುವ ಈ ಏರ್ಪಾಟಿಗೆ ಅಲ್ಲಿಯವರು ರಿವರ್ಸ್ ಡೇಕೇರ್ ಎನ್ನುತ್ತಾರೆ. ನನ್ನ ಪಕ್ಕ ಕುಳಿತಿದ್ದವರು ತೊಂಬತ್ತರ ದಶಕದಲ್ಲಿ ಇದೇ ಉತ್ಸವಕ್ಕೆ ಹುಡುಗನಾಗಿ ಬಂದಿದ್ದವರು. ಈಗ ಮಗನನ್ನು ಕರೆತಂದಿದ್ದರು. 1995ರ ಮೊದಲ ತಿರುಗಾಟದಲ್ಲಿ ಸಬ್‌ಲೈಮ್ ತಂಡದ ಡಾಲ್ಮೇಷಿಯನ್ ನಾಯಿ ಹಲವರನ್ನು ಕಚ್ಚಿದ್ದು, ಆ ತಂಡವನ್ನು ವಾರದ ಮಟ್ಟಿಗೆ ಹೊರಗಿಟ್ಟದ್ದು, ಮರುವರ್ಷವೇ ಅದರ ಗಾಯಕ ಬ್ರ್ಯಾಡ್ಲಿ ನೋವೆಲ್ ತೀರಿಕೊಂಡದ್ದು, ಇವನ್ನೆಲ್ಲ ಅವರು ಮನೆಯವರ ಸುದ್ದಿ ಹೇಳುವಷ್ಟು ಸಲುಗೆಯಿಂದ ಹೇಳಿದರು.

ರಾಕ್ ಉತ್ಸವವನ್ನು ಊರಿಂದೂರಿಗೆ ಹೊತ್ತೊಯ್ಯುವ ಪದ್ಧತಿಯನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದ್ದು ಲೊಲಪಲೂಜ. ಪೆರಿ ಫ್ಯಾರಲ್ ತಮ್ಮ ಜೇನ್ಸ್ ಅಡಿಕ್ಷನ್ ತಂಡದ ವಿದಾಯಕ್ಕೆಂದು 1991ರಲ್ಲಿ ಅದನ್ನು ಹೊರಡಿಸಿದರು. ಆಗ ಅಲ್ಲಿ ವೇದಿಕೆಯ ಉಸ್ತುವಾರಿ ನೋಡಿಕೊಂಡಿದ್ದವರಲ್ಲಿ ಒಬ್ಬರಾದ ಕೆವಿನ್ ಲೈಮನ್, ಪಂಕ್ ಎಂಬ ರಭಸದ ರಾಕ್ ಸಂಗೀತವನ್ನೂ ಸ್ಕೇಟ್‌ಬೋರ್ಡನ್ನೂ ಜೋಡಿಸಿ 1995ರಲ್ಲಿ ವಾರ್ಪ್ಡ್ ಟೂರ್ ಕಟ್ಟಿದರು. ಮರುವರ್ಷ ವ್ಯಾನ್ಸ್ ಎಂಬ ಬೂಟಿನ ಕಂಪನಿ ಪ್ರಾಯೋಜಕನಾಗಿ ಬಂದು ಉತ್ಸವದ ಹೆಸರಿನ ಮುಂದೆಯೇ ನಿಂತಿತು. ಲೊಲಪಲೂಜ 1997ರಲ್ಲಿ ನಿಂತು, 2003ರಲ್ಲಿ ಎದ್ದು, ಮರುವರ್ಷ ಟಿಕೆಟ್ ಮಾರಾಟವಾಗದೆ ರದ್ದಾಗಿ, 2005ರಿಂದ ಷಿಕಾಗೋದ ಗ್ರಾಂಟ್ ಪಾರ್ಕಿನಲ್ಲಿ ಬೀಡುಬಿಟ್ಟಿತು. ಗಾಯಕಿ ಸಾರಾ ಮೆಕ್ಲಾಕ್ಲನ್ ಅವರ, ಮಹಿಳಾ ಕಲಾವಿದರ ತಿರುಗುವ ಉತ್ಸವವಾದ ಲಿಲಿತ್ ಫೇರ್ 1997ರಿಂದ ಮೂರು ಬೇಸಿಗೆ ನಡೆದು ನಿಂತಿತು. ವಾರ್ಪ್ಡ್ ಮಾತ್ರ ಪ್ರತಿ ಬೇಸಿಗೆಯೂ ಗಂಟುಮೂಟೆ ಕಟ್ಟುತ್ತಲೇ ಇತ್ತು.

ಅದು ಹೇಗೆ ಬಾಳಿತು ಎಂಬುದು ಆ ಮಧ್ಯಾಹ್ನ ಡೇರೆಯಿಂದ ಹೊರಬಂದು ಸುತ್ತಾಡಿದಾಗ ನನಗೆ ಸ್ವಲ್ಪ ಸ್ವಲ್ಪವಾಗಿ ಅರ್ಥವಾಯಿತು. ದೊಡ್ಡ ವೇದಿಕೆಗಳೆರಡು ಅಕ್ಕಪಕ್ಕದಲ್ಲಿದ್ದವು. ಪ್ರಾಯೋಜಕರು ಬೂಟಿನ ವ್ಯಾಪಾರಿಗಳೇ ಆದ್ದರಿಂದ ಅವುಗಳ ಹೆಸರೂ ಎಡಗಾಲು, ಬಲಗಾಲು. ಎಡಗಡೆ ಒಂದು ತಂಡ ಹಾಡುತ್ತಿರುವಾಗಲೇ ಬಲಗಡೆ ಇನ್ನೊಂದರ ಡ್ರಮ್ಮು, ಗಿಟಾರುಗಳು ಸಜ್ಜಾಗುತ್ತಿದ್ದವು. ಒಂದರ ಕೊನೆಯ ಸದ್ದು ಅಡಗುವ ಮೊದಲೇ ಇನ್ನೊಂದು ಶುರು. ಪ್ರತಿ ತಂಡಕ್ಕೂ ಸುಮಾರು ಅರ್ಧ ಗಂಟೆ, ಅಷ್ಟೇ. ಸರದಿಯನ್ನು ದಿನವೂ ಹೊಸದಾಗಿ ಕಲಸುವುದರಿಂದ ಹತ್ತಾರು ವರ್ಷ ಹೆಸರು ಮಾಡಿದವರು ಬಿಸಿಲು ಏರುವ ಮೊದಲೇ ಹಾಡಬೇಕಾಗಬಹುದು. ನಿನ್ನೆ ಮೊನ್ನೆ ಹುಟ್ಟಿದ ತಂಡಕ್ಕೆ ತಂಪು ಹೊತ್ತಿನ ತುಂಬಿದ ಮೈದಾನ ಸಿಗಬಹುದು. ಯಾರು ಯಾವಾಗ ಬರುತ್ತಾರೋ ತಿಳಿಯದ ಮಕ್ಕಳು ಬೆಳಗ್ಗೆಯೇ ಬಂದು ನಿಲ್ಲುತ್ತಾರಾದ್ದರಿಂದ ಮೊದಲ ಸರದಿಯವರಿಗೂ ಕೇಳುಗರ ಕೊರತೆಯಿಲ್ಲ. ಇದನ್ನು ಬರಿಯ ಉದಾರತೆ ಎಂದು ಹೊಗಳುವವರನ್ನು ನಾನು ನಂಬುವುದಿಲ್ಲ. ಲೈಮನ್ ಚೆನ್ನಾಗಿ ಲೆಕ್ಕ ಬಲ್ಲ ಮನುಷ್ಯ. ಆದರೂ 1999ರಲ್ಲಿ ರ‍್ಯಾಪ್ ಗಾಯಕ ಎಮಿನೆಮ್, 2008ರಲ್ಲಿ ಪಾಪ್ ಗಾಯಕಿ ಕೇಟಿ ಪೆರಿಯಂಥ ದೊಡ್ಡ ಹೆಸರಿನವರೂ ಇದೇ ಬಿಸಿಲಿನಲ್ಲಿ, ಇಂಥದೇ ಸರದಿಯಲ್ಲಿ ನಿಂತು ಹಾಡಿದವರು ಎಂಬುದನ್ನು ನೆನೆದರೆ ಆ ಲೆಕ್ಕದ ಮೇಲೆ ಗೌರವ ಹುಟ್ಟುತ್ತದೆ.

ಹಾಡಿ ಇಳಿದವರು ಮುಖ ಒರೆಸಿಕೊಂಡು ತಮ್ಮ ತಮ್ಮ ಡೇರೆಗೆ ಹೋಗಿ ಟೀ ಶರ್ಟು ಮಾರುತ್ತಿದ್ದರು, ಹಸ್ತಾಕ್ಷರ ಹಾಕುತ್ತಿದ್ದರು. ಮಗಳು ಅಂಥ ಒಂದು ಸಾಲಿನಲ್ಲಿ ನಿಂತಿದ್ದನ್ನು ದೂರದಿಂದ ಕಂಡೆ; ಹತ್ತಿರ ಹೋಗಲಿಲ್ಲ, ಹೋಗಬಾರದು ಎಂಬ ಕರಾರು ಕಾರಿನಲ್ಲಿಯೇ ಆಗಿತ್ತು.

ಉತ್ಸವದ ಬಗ್ಗೆ ಕಟುವಾದ ಮಾತುಗಳೂ ಇದ್ದವು, ಅವು ಸುಳ್ಳಲ್ಲ. ವೇದಿಕೆಯ ಮೇಲೆ ಹೆಣ್ಣುಮಕ್ಕಳು ಬಹಳ ಕಡಿಮೆ. ಗಾಯಕಿಯೊಬ್ಬಳು ಮುನ್ನಡೆಸುವ ಪ್ಯಾರಮೋರ್ ತಂಡ 2005ರಲ್ಲಿ ಹಾಡಿದ್ದು ದೊಡ್ಡ ವೇದಿಕೆಯಲ್ಲಿ ಅಲ್ಲ, ಮಹಿಳೆಯರಿಗೆಂದೇ ಇದ್ದ ಷೀರಾಗರ್ಲ್ ಎಂಬ ಪುಟ್ಟ ವೇದಿಕೆಯಲ್ಲಿ. ಕೊನೆಯ ವರ್ಷಗಳಲ್ಲಿ, ಚಿಕ್ಕ ವಯಸ್ಸಿನ ಅಭಿಮಾನಿಗಳೊಂದಿಗೆ ಕೆಲವು ಸಂಗೀತಗಾರರು ನಡೆದುಕೊಂಡ ರೀತಿಯ ಬಗ್ಗೆ ದೂರುಗಳೆದ್ದು, ಸಂಘಟಕರ ಮೇಲೂ ಪ್ರಶ್ನೆಗಳು ಬಂದವು. ಹದಿನಾರರ ಮಗಳನ್ನು ಕರೆತಂದವನಿಗೆ ಇದು ಪತ್ರಿಕೆಯಲ್ಲಿ ಓದಿ ಮರೆಯುವ ಸಂಗತಿಯಾಗಿರಲಿಲ್ಲ. ನಾನು ಡೇರೆಯಲ್ಲಿ ಹೆಚ್ಚು ಹೊತ್ತು ಕೂರದಿದ್ದುದಕ್ಕೆ ಅದೂ ಒಂದು ಕಾರಣ.

ಸಂಜೆ ಜನ ಕರಗುವ ಹೊತ್ತಿಗೆ ವೇದಿಕೆಯ ಕಂಬಗಳು ಒಂದೊಂದಾಗಿ ಇಳಿಯತೊಡಗಿದವು. ದಿನದ ಕೊನೆಗೆ ಕಲಾವಿದರೂ ಕೆಲಸದವರೂ ಒಟ್ಟಿಗೆ ಬಾರ್ಬೆಕ್ಯೂ ಊಟ ಮಾಡಿ ಹೊರಡುವುದು ಅವರಲ್ಲಿ ಹಳೆಯ ರೂಢಿ. ಆ ಬೇಸಿಗೆ ಪೊಮೋನಾದಿಂದ ಹೊರಟ ತಿರುಗಾಟ ದೇಶವನ್ನು ಅಡ್ಡಹಾಯ್ದು ಆಗಸ್ಟ್ 5ರಂದು ಫ್ಲಾರಿಡಾದ ವೆಸ್ಟ್ ಪಾಮ್ ಬೀಚಿನಲ್ಲಿ ಮುಗಿಯಬೇಕಿತ್ತು. ದೇಶ ಸುತ್ತುವುದು ಇದೇ ಕೊನೆ ಎಂದು ಲೈಮನ್ ಹಿಂದಿನ ನವೆಂಬರಿನಲ್ಲಿಯೇ ಸಾರಿದ್ದರು. ಇಡೀ ಬೇಸಿಗೆಯನ್ನು ಬಸ್ಸಿನಲ್ಲಿ ಕಳೆಯಲು ಒಪ್ಪುವ ತಂಡಗಳು ಕಡಿಮೆಯಾಗಿದ್ದವು, ಹದಿಹರೆಯದವರ ಗುಂಪು ತೆಳ್ಳಗಾಗಿತ್ತು, ಖರ್ಚು ಏರಿತ್ತು, ಅವರಿಗೂ ಆಯಾಸವಾಗಿತ್ತು.

2019ರಲ್ಲಿ ಇಪ್ಪತ್ತೈದನೆಯ ವರ್ಷದ ನೆಪದಲ್ಲಿ ಮೂರು ಊರುಗಳಲ್ಲಿ ಉತ್ಸವ ನಡೆಯಿತು. 2025ರಲ್ಲಿ ಅದು ಮತ್ತೆ ಬಂತು: ವಾಷಿಂಗ್ಟನ್, ಲಾಂಗ್ ಬೀಚ್, ಒರ್ಲಾಂಡೊ, ಒಂದೊಂದು ಕಡೆಯೂ ಎರಡು ದಿನ. ಮಗಳು ತನ್ನ ದುಡಿಮೆಯ ದುಡ್ಡಿನಲ್ಲಿ ಟಿಕೆಟ್ ಕೊಂಡು ಲಾಂಗ್ ಬೀಚಿಗೆ ಹೋಗಿಬಂದು, ಎಲ್ಲ ಹಾಗೆಯೇ ಇದೆ ಎಂದಳು. ರಾತ್ರಿ ಕಂಬ ಕಳಚಿ ಬೆಳಗ್ಗೆ ಇನ್ನೊಂದು ಊರಿನಲ್ಲಿ ನೆಡದ ಉತ್ಸವವನ್ನು ಟೂರ್ ಎಂದು ಕರೆಯಲು ನನಗೆ ಮನಸ್ಸು ಬಾರದು. ಈ ವಿಷಯದಲ್ಲಿ ನಮ್ಮಿಬ್ಬರ ವಾದ ಇನ್ನೂ ಮುಗಿದಿಲ್ಲ.