‘ಬೇಡ’ ಅಂದದ್ದು ಎಲ್ಲಿ ಉಳಿಯುತ್ತದೆ?

ಮ್ಯೂನಿಕ್‌ನಿಂದ ಬೆಟ್ಟದ ಕಡೆ ಹೊರಡುವವರು ಭಾನುವಾರ ಬೆಳಿಗ್ಗೆ ಮೊದಲು ನೋಡುವುದು ಮಳೆಯ ನಕ್ಷೆ. ನಾನು ಬಹಳ ವರ್ಷಗಳಿಂದ ನೋಡುತ್ತಿದ್ದ ಒಂದು ಸಣ್ಣ ಹವಾಮಾನ ಸೈಟು ಈಚೆಗೆ ದೊಡ್ಡ ಕಂಪನಿಯೊಂದರ ಕೈಸೇರಿತು. ಆ ಭಾನುವಾರ ತೆರೆದರೆ ನಕ್ಷೆಯೇ ಇಲ್ಲ, ಪರದೆ ತುಂಬ ಒಂದು ಪೆಟ್ಟಿಗೆ: ಕುಕೀಗಳಿಗೆ, ಅಂದರೆ ಸೈಟುಗಳು ನಮ್ಮ ಬ್ರೌಸರಿನಲ್ಲಿ ಬರೆದಿಡುವ ಸಣ್ಣ ಟಿಪ್ಪಣಿಗಳಿಗೆ, ಒಪ್ಪಿಗೆ ಕೇಳುವಂಥದ್ದು. ಮೇಲೆ ಹೊಸ ಮಾಲೀಕರ ಲಾಂಛನ, ಕೆಳಗೆ ಗಾಢ ನೀಲಿಯ ‘ಎಲ್ಲಕ್ಕೂ ಒಪ್ಪಿಗೆ’ ಗುಂಡಿ, ಅದರಡಿ ತಿಳಿ ಬೂದು ಅಕ್ಷರದಲ್ಲಿ ‘ಸೆಟ್ಟಿಂಗ್ಸ್’. ‘ಬೇಡ’ ಅನ್ನಲು ಗುಂಡಿ ಇಲ್ಲ.

ಇದೇ ಸೈಟಿಗೆ ನಾನು ಹಿಂದೆಯೇ ‘ಬೇಡ’ ಅಂದಿದ್ದೆ. ಮಾರಾಟವಾದಾಗ ನನ್ನ ಖಾತೆ, ಇಮೇಲ್ ವಿಳಾಸ, ಗುರುತು ಹಾಕಿಟ್ಟ ಊರುಗಳು ಎಲ್ಲವೂ ಹೊಸ ಮಾಲೀಕರಿಗೆ ಸುರಕ್ಷಿತವಾಗಿ ತಲುಪಿದವು. ತಲುಪದೆ ಹೋದದ್ದು ಆ ‘ಬೇಡ’ ಒಂದೇ. ನನಗೆ ಸಿಟ್ಟು ಬಂದದ್ದು ಪೆಟ್ಟಿಗೆಯ ಮೇಲಲ್ಲ, ಈ ವ್ಯತ್ಯಾಸದ ಮೇಲೆ.

ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ ಅಂದುಕೊಂಡು, ಪೂರ್ತಿ ನಿರಾಕರಿಸುವುದಕ್ಕೆ ಏನೇನು ಮಾಡಬೇಕಾಗುತ್ತದೆ ನೋಡೋಣವೆಂದು ಕೂತೆ. ಸೆಟ್ಟಿಂಗ್ಸ್ ಒತ್ತಿದರೆ ಮೊದಲು ಉದ್ದೇಶಗಳ ಪಟ್ಟಿ: ಸಾಧನದಲ್ಲಿ ಮಾಹಿತಿ ಇಡುವುದು, ಜಾಹೀರಾತಿಗಾಗಿ ಪ್ರೊಫೈಲ್ ಕಟ್ಟುವುದು, ಜಾಹೀರಾತಿನ ಫಲ ಅಳೆಯುವುದು, ಹೀಗೆ. ಇಲ್ಲಿನ ಸ್ವಿಚ್‌ಗಳೆಲ್ಲ ಆಫ್ ಆಗಿಯೇ ಇದ್ದವು. ಅದು ಯಾರ ಔದಾರ್ಯವೂ ಅಲ್ಲ. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಒಪ್ಪಿಗೆಯೆಂದು ಎಣಿಸಲಾಗದು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ಪ್ಲಾನೆಟ್49 ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಇದಿಷ್ಟನ್ನೇ ನೋಡಿ ‘ಸರಿ, ಎಲ್ಲ ಆಫ್ ಇದೆ’ ಎಂದು ಹೊರಬರುವವರೇ ಹೆಚ್ಚು.

ಪಕ್ಕದಲ್ಲಿ ಇನ್ನೊಂದು ಟ್ಯಾಬ್ ಇರುತ್ತದೆ, ‘ನ್ಯಾಯಸಮ್ಮತ ಹಿತಾಸಕ್ತಿ’ ಅಂತ. ಕಂಪನಿಗಳು ನಿಮ್ಮ ಒಪ್ಪಿಗೆಯನ್ನೇ ಕೇಳದೆ, ತಮಗೆ ಇದರ ಅಗತ್ಯವಿದೆ ಎಂದು ಹೇಳಿಕೊಂಡು ಮಾಹಿತಿ ಬಳಸುವ ದಾರಿ ಇದು. ಇಲ್ಲಿ ಸ್ವಿಚ್‌ಗಳು ಆನ್ ಇರುತ್ತವೆ. ಜಾಹೀರಾತು ಉದ್ಯಮದ ಸಂಘ ಐಎಬಿ ಯುರೋಪ್ ರೂಪಿಸಿದ ಟಿಸಿಎಫ್ ಎಂಬ ಚೌಕಟ್ಟಿನ ಮೇಲೆಯೇ ಇಂಥ ಬಹುಪಾಲು ಪಾಪ್‌ಅಪ್‌ಗಳು ನಡೆಯುತ್ತವೆ. 2023ರ ಮೇನಲ್ಲಿ ಬಂದ ಅದರ 2.2 ಆವೃತ್ತಿ, ವ್ಯಕ್ತಿಗೆ ತಕ್ಕಂತೆ ಜಾಹೀರಾತು ಹೊಂದಿಸಲು ಈ ದಾರಿ ಹಿಡಿಯಬಾರದು ಅಂದಿತು. ಜಾಹೀರಾತಿನ ಅಳತೆಯಂಥ ಬೇರೆ ಉದ್ದೇಶಗಳಿಗೆ ಬಾಗಿಲು ಈಗಲೂ ತೆರೆದೇ ಇದೆ. ಆ ಟ್ಯಾಬಿನ ಮೇಲ್ಭಾಗದಲ್ಲೋ ತೀರ ಕೆಳಗೋ ‘ಎಲ್ಲದಕ್ಕೂ ಆಕ್ಷೇಪ’ ಎಂಬ ಸಣ್ಣ ಲಿಂಕ್ ಇದ್ದರೆ ನಿಮ್ಮ ಪುಣ್ಯ. ಇಲ್ಲದಿದ್ದರೆ ಒಂದೊಂದಾಗಿ ಆಫ್ ಮಾಡಬೇಕು.

ಆಮೇಲೆ ಪಾಲುದಾರರ, ಅಂದರೆ ಸೈಟು ಮಾಹಿತಿ ಹಂಚಿಕೊಳ್ಳುವ ಕಂಪನಿಗಳ, ಪಟ್ಟಿ. ಹಳೆಯ ಮಾಲೀಕರ ಕಾಲದಲ್ಲಿ ಒಂದೇ ಪರದೆಯಲ್ಲಿ ಮುಗಿಯುತ್ತಿದ್ದದ್ದು ಈಗ ಬೆರಳು ಸೋಲುವಷ್ಟು ಉದ್ದ. ಅದರ ತಳದಲ್ಲಿ ಟಿಸಿಎಫ್‌ಗೆ ಸೇರದ ಕಂಪನಿಗಳ ಬೇರೆಯದೇ ಪಟ್ಟಿ. ಮೇಲಿನ ‘ಎಲ್ಲದಕ್ಕೂ ಆಕ್ಷೇಪ’ ಅದಕ್ಕೆ ತಾಗುವುದಿಲ್ಲ. ನಡುವೆ ಇನ್ನೆರಡು ಸ್ವಿಚ್‌ಗಳಿವೆ, ಹವಾಮಾನ ಸೈಟಿನಲ್ಲಿ ಇವನ್ನು ಕಣ್ಣಿಟ್ಟು ನೋಡಬೇಕು. ಒಂದು, ಕರಾರುವಾಕ್ಕಾದ ಸ್ಥಳದ ಮಾಹಿತಿ ಬಳಸಲು. ಇನ್ನೊಂದು, ನಿಮ್ಮ ಸಾಧನದ ಲಕ್ಷಣಗಳನ್ನು ಸ್ಕ್ಯಾನ್ ಮಾಡಿ ಗುರುತಿಸಲು. ಎರಡನೆಯದಕ್ಕೆ ಹೂಂ ಅಂದರೆ ಆಮೇಲೆ ಕುಕೀ ಅಳಿಸಿ ಹೆಚ್ಚೇನೂ ಪ್ರಯೋಜನವಿಲ್ಲ.

ಕೊನೆಯ ಹೆಜ್ಜೆಯಲ್ಲೇ ಜನ ಎಡವುವುದು. ಎಲ್ಲ ಆಫ್ ಮಾಡಿ ಕೆಳಗೆ ಬಂದರೆ ಎರಡು ಗುಂಡಿ: ಬಣ್ಣ ತುಂಬಿದ್ದು ‘ಎಲ್ಲಕ್ಕೂ ಒಪ್ಪಿಗೆ’, ಬರೀ ಗೆರೆಯದ್ದು ‘ಆಯ್ಕೆ ಉಳಿಸು’. ಕೈ ಅಭ್ಯಾಸಬಲದಿಂದ ಬಣ್ಣದ ಕಡೆ ಹೋಗುತ್ತದೆ. ಒತ್ತಿದರೆ ಅಷ್ಟು ಹೊತ್ತು ಆರಿಸಿದ್ದೆಲ್ಲ ಒಂದೇ ಏಟಿಗೆ ಹತ್ತಿಕೊಳ್ಳುತ್ತದೆ. ಒಪ್ಪಲು ಒಂದು ಕ್ಲಿಕ್, ನಿರಾಕರಿಸಲು ಅಂದು ನನಗೆ ಹಿಡಿದದ್ದು ಹನ್ನೊಂದು ನಿಮಿಷ. ನಿರಾಕರಣೆ ಒಪ್ಪಿಗೆಯಷ್ಟು ಸುಲಭವಿಲ್ಲ ಎಂಬ ಇದೇ ಕಾರಣಕ್ಕೆ ಫ್ರಾನ್ಸಿನ ದತ್ತಾಂಶ ರಕ್ಷಣಾ ಸಂಸ್ಥೆ ಸಿಎನ್‌ಐಎಲ್ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಪ್ರಕಟಿಸಿತ್ತು. ಆಮೇಲೆ ದೊಡ್ಡ ಸೈಟುಗಳಲ್ಲಿ ‘ಎಲ್ಲಕ್ಕೂ ಬೇಡ’ ಗುಂಡಿ ಮೊದಲ ಪರದೆಗೇ ಬಂತು. ಸಣ್ಣ ಸೈಟುಗಳಿಗೆ ಆ ಬಿಸಿ ಇನ್ನೂ ಪೂರ್ತಿ ತಟ್ಟಿಲ್ಲ.

ಹಳೆಯ ‘ಬೇಡ’ ಏನಾಯಿತು ಅನ್ನುವುದಕ್ಕೆ ಬ್ರೌಸರಿನ ಒಳಗೆ ನೋಡಬೇಕು. ಲ್ಯಾಪ್‌ಟಾಪಿನಲ್ಲಿ ಎಫ್12 ಒತ್ತಿ, ಫೈರ್‌ಫಾಕ್ಸ್ ಆದರೆ ‘ಸ್ಟೋರೇಜ್’, ಕ್ರೋಮ್ ಆದರೆ ‘ಅಪ್ಲಿಕೇಶನ್’ ಟ್ಯಾಬಿಗೆ ಹೋಗಿ ಕುಕೀಗಳನ್ನು ತೆರೆದರೆ, ಸಾಮಾನ್ಯವಾಗಿ ‘ಇಯುಕನ್ಸೆಂಟ್-ವಿ2’ (euconsent-v2) ಹೆಸರಿನದೊಂದು ಸಿಗುತ್ತದೆ. ಅದರಲ್ಲಿರುವುದು ಓದಲಾಗದ ಒಂದು ಉದ್ದನೆಯ ಅಕ್ಷರಸಾಲು. ಯಾವ ದಿನ ಕೇಳಿದ್ದು, ಯಾವ ಪಾಪ್‌ಅಪ್ ಸಾಫ್ಟ್‌ವೇರ್ ಕೇಳಿದ್ದು, ಪಾಲುದಾರರ ಪಟ್ಟಿಯ ಎಷ್ಟನೆಯ ಆವೃತ್ತಿ, ಯಾರಿಗೆ ಹೌದು, ಯಾರಿಗೆ ಇಲ್ಲ, ಎಲ್ಲವೂ ಅದರೊಳಗೇ. ಸಾಮಾನ್ಯವಾಗಿ ಸೈಟು ನಿಮ್ಮ ನಿರಾಕರಣೆಯನ್ನು ಓದಿಕೊಳ್ಳುವುದು ಇಲ್ಲಿಂದಲೇ. ಕಂಪನಿಯ ಖಾತೆ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಬರೆದದ್ದಲ್ಲ, ನಿಮ್ಮದೇ ಬ್ರೌಸರಿನ ಮೂಲೆಯಲ್ಲಿರುವ ಒಂದು ಚೀಟಿ.

ಕೈ ಬದಲಾದಾಗ ಈ ಚೀಟಿ ಮೂರು ರೀತಿಯಲ್ಲಿ ಹಾಳಾಗುತ್ತದೆ. ವಿಳಾಸವೇ ಹೊಸ ಮಾಲೀಕರ ಡೊಮೇನ್‌ಗೆ ಹೋದರೆ, ಹಳೆಯ ಡೊಮೇನಿನ ಕುಕೀಯನ್ನು ಹೊಸದು ಓದಲಾರದು, ಬ್ರೌಸರೇ ಬಿಡುವುದಿಲ್ಲ. ವಿಳಾಸ ಹಾಗೇ ಉಳಿದು ಪಾಪ್‌ಅಪ್ ಸಾಫ್ಟ್‌ವೇರ್ ಬದಲಾದರೆ, ಹೊಸದು ಹಳೆಯದರ ಚೀಟಿಯನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಎರಡೂ ಉಳಿದರೂ ಪಟ್ಟಿಗೆ ಹೊಸ ಪಾಲುದಾರರು ಸೇರಿದಾಗ ಮತ್ತೆ ಕೇಳುತ್ತಾರೆ. ಈ ಮೂರನೆಯದು ನ್ಯಾಯವೇ. ಹೊಸಬರಿಗೆ ಒಪ್ಪಿಗೆ ಬೇಕಾದರೆ ಕೇಳಲೇಬೇಕು. ಆದರೆ ಒಮ್ಮೆ ಎಲ್ಲರಿಗೂ ‘ಬೇಡ’ ಅಂದವನಿಗೆ, ಹೊಸಬರು ಬಂದಿದ್ದಾರೆಂದು ಹಳಬರನ್ನೂ ಸೇರಿಸಿ ಮೊದಲಿನಿಂದ ಕೇಳಬೇಕೆಂದು ಯಾವ ಕಾನೂನೂ ಹೇಳಿಲ್ಲ.

ಕಂಪನಿ ಕೈ ಬದಲಾಯಿಸುವುದಕ್ಕೂ ಈ ಪೆಟ್ಟಿಗೆಗಳಿಗೂ ಇರುವ ನಂಟು ಹಳೆಯದು. ಅಮೆರಿಕದ ಫೋನ್ ಕಂಪನಿ ವೆರಿಝಾನ್ 2015ರಲ್ಲಿ ಅಂತರ್ಜಾಲ ಕಂಪನಿ ಎಒಎಲ್, 2017ರಲ್ಲಿ ಯಾಹೂ ಕೊಂಡು, ಎರಡನ್ನೂ ಓಥ್ ಎಂಬ ಹೆಸರಿನಡಿ ಕೂಡಿಸಿತು. 2018ರ ಮೇ 25ರಂದು ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ಕಾನೂನು ಜಿಡಿಪಿಆರ್ ಜಾರಿಯಾಗುವ ಹೊತ್ತಿಗೆ, ಯಾಹೂ ಮೂಲಕ ಅದೇ ಮನೆಗೆ ಸೇರಿದ್ದ ಬ್ಲಾಗ್ ತಾಣ ಟಂಬ್ಲರ್‌ನ ಬಳಕೆದಾರರ ಮುಂದೆ ಓಥ್‌ನ ಪೆಟ್ಟಿಗೆ ಬಂದು ನಿಂತಿತು. ಪಾಲುದಾರರ ಪಟ್ಟಿಯಲ್ಲಿ 300ಕ್ಕೂ ಹೆಚ್ಚು ಹೆಸರು, ಒಂದೊಂದನ್ನೂ ಬೇರೆಬೇರೆಯಾಗಿ ತೆಗೆಯಬೇಕಿತ್ತು. ಮರುವರ್ಷ ಟಂಬ್ಲರ್ ಆಟೋಮ್ಯಾಟಿಕ್ ಕಂಪನಿಗೆ ಮಾರಾಟವಾಯಿತು. ಯಾಹೂ 2021ರಲ್ಲಿ ಹೂಡಿಕೆ ಸಂಸ್ಥೆ ಅಪೊಲೋ ಕೈಗೆ ಹೋಯಿತು. 2024ರ ಜನವರಿಯಲ್ಲಿ ಸಿಎನ್‌ಐಎಲ್ ಯಾಹೂವಿನ ಐರೋಪ್ಯ ಕಂಪನಿಗೆ 1 ಕೋಟಿ ಯೂರೋ ದಂಡ ಹಾಕಿದ್ದನ್ನು ಪ್ರಕಟಿಸಿತು. ಯಾಹೂ ಸೈಟಿನಲ್ಲಿ ಒಪ್ಪಿಗೆ ಕೊಡದವರ ಬ್ರೌಸರಿಗೂ ಸುಮಾರು 20 ಜಾಹೀರಾತು ಕುಕೀಗಳು ಹೋಗುತ್ತಿದ್ದವು. ಯಾಹೂ ಮೇಲ್ ಬಳಕೆದಾರರು ಕೊಟ್ಟ ಒಪ್ಪಿಗೆ ಹಿಂಪಡೆಯಲು ಹೋದರೆ ಅಂಚೆಪೆಟ್ಟಿಗೆಯೇ ಕೈತಪ್ಪುತ್ತದೆ ಎಂಬ ಸೂಚನೆ ಬರುತ್ತಿತ್ತು. ವರ್ಷಗಟ್ಟಲೆ ಬಳಸಿದ ಮೇಲ್ ವಿಳಾಸವನ್ನು ಪಣಕ್ಕಿಟ್ಟು ‘ಬೇಡ’ ಅನ್ನಲು ಯಾರಿಗೆ ಧೈರ್ಯ ಬರುತ್ತದೆ?

ಈ ಕಾಟ ತಪ್ಪಿಸುವ ಸಾಧನವೂ ಮಾರಾಟದಿಂದ ತಪ್ಪಿಸಿಕೊಳ್ಳಲಿಲ್ಲ. ‘ಐ ಡೋಂಟ್ ಕೇರ್ ಅಬೌಟ್ ಕುಕೀಸ್’ ಎಂಬ ಜನಪ್ರಿಯ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ) ಅನ್ನು 2022ರ ಸೆಪ್ಟೆಂಬರ್‌ನಲ್ಲಿ ಆಂಟಿವೈರಸ್ ಕಂಪನಿ ಅವಾಸ್ಟ್ ಕೊಂಡಿತು. ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿದ್ದಕ್ಕಾಗಿ ಅಮೆರಿಕದ ಗ್ರಾಹಕ ರಕ್ಷಣೆಯ ಸಂಸ್ಥೆ ಎಫ್‌ಟಿಸಿ 2024ರ ಫೆಬ್ರವರಿಯಲ್ಲಿ 1.65 ಕೋಟಿ ಡಾಲರ್ ಕಟ್ಟಬೇಕೆಂದದ್ದು ಇದೇ ಅವಾಸ್ಟ್‌ಗೆ. ಖರೀದಿಯ ಸುದ್ದಿ ಬಂದ ಕೂಡಲೇ ಅದರ ಮುಕ್ತ ಕೋಡಿನಿಂದ ಬೇರೆಯವರು ‘ಐ ಸ್ಟಿಲ್ ಡೋಂಟ್ ಕೇರ್ ಅಬೌಟ್ ಕುಕೀಸ್’ ಎಂಬ ಕವಲು ಹೊರಡಿಸಿದರು. ಆದರೂ ಈ ಎರಡನ್ನೂ ಬಳಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಪೆಟ್ಟಿಗೆ ಮುಚ್ಚುವುದೇ ಇವುಗಳ ಗುರಿ. ಸೈಟು ತೆರೆಯಲು ಬೇಕೆನಿಸಿದರೆ ನಿಮ್ಮ ಪರವಾಗಿ ಒಪ್ಪಿಗೆಯನ್ನೂ ಕೊಟ್ಟುಬಿಡುತ್ತವೆ.

ನಾನು ಬಳಸುವುದು ಎರಡು. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ ‘ಕನ್ಸೆಂಟ್-ಓ-ಮ್ಯಾಟಿಕ್’ ನೀವು ಒಮ್ಮೆ ಹೇಳಿಟ್ಟ ಆಯ್ಕೆಯಂತೆ ಪೆಟ್ಟಿಗೆಯೊಳಗಿನ ಸ್ವಿಚ್‌ಗಳನ್ನು ತಾನೇ ಆಫ್ ಮಾಡಿ ಉಳಿಸುತ್ತದೆ. ಹನ್ನೊಂದು ನಿಮಿಷದ ಕೆಲಸ ಕೆಲವು ಸೆಕೆಂಡಿನಲ್ಲಿ ಮುಗಿಯುತ್ತದೆ, ‘ಬೇಡ’ ದಾಖಲೂ ಆಗುತ್ತದೆ. ಅದಕ್ಕೆ ಗುರುತು ಸಿಗದ ಪೆಟ್ಟಿಗೆಗಳಿಗೆ ಜಾಹೀರಾತು ತಡೆಯುವ ‘ಯುಬ್ಲಾಕ್ ಒರಿಜಿನ್’. ಅದರ ಡ್ಯಾಶ್‌ಬೋರ್ಡಿನ ‘ಫಿಲ್ಟರ್ ಲಿಸ್ಟ್ಸ್’ ಒಳಗೆ ‘ಕುಕೀ ನೋಟಿಸಸ್’ ಗುಂಪಿನ ಪಟ್ಟಿಗಳು ಟಿಕ್ ಇಲ್ಲದೆ ಇರುತ್ತವೆ, ನಾವೇ ಹಾಕಿ ಮೇಲಿನ ‘ಅಪ್ಲೈ’ ಒತ್ತಬೇಕು. ಕ್ರೋಮ್‌ನಲ್ಲಿ ಈಗ ಇದರ ಲೈಟ್ ಆವೃತ್ತಿ ಮಾತ್ರ ನಡೆಯುತ್ತದೆ. ಪೂರ್ತಿಯದು ಬೇಕಾದರೆ ಫೈರ್‌ಫಾಕ್ಸ್. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ನಲ್ಲೂ ಹಾಕಬಹುದು.

ಪೆಟ್ಟಿಗೆ ಮರೆಯಾಗಿ ಪುಟ ಮಾತ್ರ ಮೇಲೆ ಕೆಳಗೆ ಸರಿಯದಿದ್ದರೆ ಗಾಬರಿ ಬೇಡ. ಪೆಟ್ಟಿಗೆ ತೋರಿಸುವಾಗ ಸೈಟು ಪುಟದ ‘ಬಾಡಿ’ಗೆ ‘ಓವರ್‌ಫ್ಲೋ: ಹಿಡನ್’ ಎಂಬ ಸ್ಟೈಲ್ ಹಾಕಿರುತ್ತದೆ, ಪೆಟ್ಟಿಗೆ ಹೋದರೂ ಅದು ಉಳಿದಿರುತ್ತದೆ. ಪುಟದ ಮೇಲೆ ಬಲಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ತೆರೆದು, ‘ಬಾಡಿ’ ಸಾಲನ್ನು ಆರಿಸಿ, ಪಕ್ಕದ ಸ್ಟೈಲ್ ಪಟ್ಟಿಯಲ್ಲಿ ಆ ಒಂದು ಸಾಲಿನ ಟಿಕ್ ತೆಗೆದರೆ ಪುಟ ಚಲಿಸುತ್ತದೆ. ಕೆಲವೆಡೆ ‘ಎಚ್‌ಟಿಎಂಎಲ್’ ಸಾಲಿನಲ್ಲೂ ಅದೇ ಇರುತ್ತದೆ.

ಐಫೋನಿನಲ್ಲಿ ‘ವಾರಕ್ಕೊಮ್ಮೆ ಮತ್ತೆ ಕೇಳುತ್ತದಲ್ಲ’ ಎಂದು ಹಲವರು ಹೇಳುತ್ತಾರೆ. ಅದು ನಿಜ, ಕಾರಣವೂ ಸರಳ. ಹಿಂಬಾಲಿಸುವವರನ್ನು ತಡೆಯಲೆಂದು ಸಫಾರಿ 2019ರಿಂದ, ಪುಟದ ಸ್ಕ್ರಿಪ್ಟ್ ಬರೆದ ಕುಕೀಗಳಿಗೆ 7 ದಿನದ ಆಯುಸ್ಸು ಇಟ್ಟಿದೆ. ಪಾಪ್‌ಅಪ್ ತನ್ನ ಚೀಟಿಯನ್ನು ಸ್ಕ್ರಿಪ್ಟಿನಿಂದಲೇ ಬರೆದಿದ್ದರೆ ನಿಮ್ಮ ‘ಬೇಡ’ವೂ ಏಳು ದಿನಕ್ಕೆ ಸಾಯುತ್ತದೆ. ಸೈಟಿನದೇ ಸರ್ವರ್ ಕಡೆಯಿಂದ ಬರೆದರೆ ಹೀಗಾಗುವುದಿಲ್ಲ. ಸೈಟು ನಡೆಸುವವರು ಮನಸ್ಸು ಮಾಡಿದರೆ ಸರಿಹೋಗುವ ಸಂಗತಿ. ಬ್ರೌಸರ್ ಮುಚ್ಚಿದಾಗ ಎಲ್ಲ ಕುಕೀ ಅಳಿಯುವಂತೆ ಇಟ್ಟುಕೊಂಡವರಿಗೂ ಇದೇ ಪಾಡು. ಫೈರ್‌ಫಾಕ್ಸ್‌ನ ಗೌಪ್ಯತೆ ಸೆಟ್ಟಿಂಗಿನಲ್ಲಿ ಆ ಒಂದು ಸೈಟನ್ನು ವಿನಾಯಿತಿ ಪಟ್ಟಿಗೆ ಸೇರಿಸಿದರೆ ಚೀಟಿ ಉಳಿಯುತ್ತದೆ.

ಪೆಟ್ಟಿಗೆಗೆ ಉತ್ತರಿಸಿದ ಮಾತ್ರಕ್ಕೆ ಖಾತೆಯ ಪ್ರಶ್ನೆ ಮುಗಿಯುವುದಿಲ್ಲ. ಕಂಪನಿಯ ಷೇರುಗಳಷ್ಟೇ ಕೈ ಬದಲಾಯಿಸಿದ್ದರೆ ನಿಮ್ಮ ಮಾಹಿತಿ ಇಟ್ಟುಕೊಂಡ ಸಂಸ್ಥೆ ಕಾನೂನಿನ ಕಣ್ಣಲ್ಲಿ ಅದೇ. ಸೈಟು, ಗ್ರಾಹಕರ ಪಟ್ಟಿ ಇಂಥ ಆಸ್ತಿಗಳನ್ನು ಬಿಡಿಬಿಡಿಯಾಗಿ ಕೊಂಡಿದ್ದರೆ ಹೊಣೆ ಹೊಸ ಸಂಸ್ಥೆಯದು, ಜಿಡಿಪಿಆರ್‌ನ 14ನೆಯ ವಿಧಿಯಂತೆ ಅದು ಹೆಚ್ಚೆಂದರೆ ಒಂದು ತಿಂಗಳೊಳಗೆ ನಿಮಗೆ ತಿಳಿಸಬೇಕು. ಸೈಟಿನ ತಳದಲ್ಲಿರುವ, ನಡೆಸುವವರ ಹೆಸರು ವಿಳಾಸ ಕೊಡುವ ‘ಇಂಪ್ರೆಸ್ಸುಮ್’ ಪುಟದಲ್ಲಿ ಕಂಪನಿಯ ಹೆಸರು ಬದಲಾಗಿದೆಯೇ ನೋಡಿದರೆ ಯಾವ ಬಗೆಯ ಮಾರಾಟವೆಂಬ ಸುಳಿವು ಸಿಗುತ್ತದೆ. ನಾನು ಆ ಮಧ್ಯಾಹ್ನ ಬರೆದ ಇಮೇಲ್ ನಾಲ್ಕೇ ಸಾಲು: 15ನೆಯ ವಿಧಿಯಂತೆ ನನ್ನ ಬಗ್ಗೆ ಇರುವ ಮಾಹಿತಿಯ ಪ್ರತಿ ಕೊಡಿ, ಯಾರಿಗೆ ಕೊಟ್ಟಿದ್ದೀರಿ ತಿಳಿಸಿ; 21(2)ರಂತೆ ನೇರ ಪ್ರಚಾರಕ್ಕೆ ನನ್ನ ಆಕ್ಷೇಪವಿದೆ; ಉತ್ತರಕ್ಕೆ 12(3)ರಂತೆ ಒಂದು ತಿಂಗಳ ಗಡುವು. ವಿಧಿಯ ಸಂಖ್ಯೆ ಹಾಕಿದರೆ ಪತ್ರ ಗ್ರಾಹಕ ಸೇವೆಯವರ ಮೇಜಿನಲ್ಲಿ ಉಳಿಯದೆ ದತ್ತಾಂಶ ರಕ್ಷಣೆಯವರ ಮೇಜಿಗೆ ಹೋಗುತ್ತದೆ. ಅಳಿಸಿ ಎಂದು ಮೊದಲೇ ಕೇಳಬೇಡಿ. ಪ್ರತಿ ಕೈಗೆ ಬಂದ ಮೇಲೆ ಕೇಳಿ, ಇಲ್ಲದಿದ್ದರೆ ಏನಿತ್ತೆಂದು ತಿಳಿಯುವುದೇ ಇಲ್ಲ.

ಸಕಲೇಶಪುರದ ಚಿಕ್ಕಪ್ಪನೂ ಇದೇ ಸೈಟು ನೋಡುತ್ತಾರೆ, ಕಣದಲ್ಲಿ ಹರವಿದ ಕಾಫಿ ನೆನೆಯಬಾರದಲ್ಲ. ಸಂಜೆ ಫೋನಿನಲ್ಲಿ ವಿಷಯ ಹೇಳಿದರೆ, ‘ನಂಗೆ ಅಂಥ ಪೆಟ್ಟಿಗೆ ಯಾವತ್ತೂ ಬಂದಿಲ್ಲ ಕಣೋ’ ಅಂದರು. ಬರುವುದಿಲ್ಲ. ಐಪಿ ವಿಳಾಸ ಯುರೋಪಿನದಾದರೆ ಮಾತ್ರ ತೋರಿಸು ಎಂದು ಇಟ್ಟಿರುತ್ತಾರೆ. ಪೆಟ್ಟಿಗೆ ಇಲ್ಲವೆಂದರೆ ಕುಕೀ ಇಲ್ಲವೆಂದಲ್ಲ, ಯಾರೂ ಕೇಳುವುದಿಲ್ಲ ಅಷ್ಟೇ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು, ಒಪ್ಪಿಗೆಯ ನಿಬಂಧನೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎಂದು 6ನೆಯ ಸೆಕ್ಷನ್ ಹೇಳುತ್ತದೆ. ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಒಪ್ಪಿಗೆಯ ಕೋರಿಕೆ ಓದುವ ಆಯ್ಕೆ ಇರಬೇಕು. ಆದರೆ ನ್ಯಾಯಾಲಯವೋ ನ್ಯಾಯಮಂಡಳಿಯೋ ಅನುಮೋದಿಸಿದ ಕಂಪನಿ ವಿಲೀನಕ್ಕೆ ಬೇಕಾದ ದತ್ತಾಂಶ ಬಳಕೆಗೆ 17ನೆಯ ಸೆಕ್ಷನ್ ಈ ಕಟ್ಟುಪಾಡುಗಳಲ್ಲಿ ಬಹುಪಾಲಿನಿಂದ ವಿನಾಯಿತಿ ಕೊಟ್ಟಿದೆ. ಮಾರಾಟದ ಹೊತ್ತಿನಲ್ಲೇ ಜನರ ಕೈ ಸಡಿಲವಾಗುತ್ತದೆ ಎಂಬುದು ನನಗೆ ಕಳವಳದ ಮಾತು.

ಚಿಕ್ಕಪ್ಪನಿಗೆ ಕಾನೂನು ಹೇಳಲಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್‌ಗೆ ಹೋಗಿ, ಬ್ರೌಸರಿನ ಹೆಸರು ಒತ್ತಿ, ‘ಪ್ರಿಸೈಸ್ ಲೊಕೇಶನ್’ ಸ್ವಿಚ್ ಆಫ್ ಮಾಡಲು ಹೇಳಿದೆ. ಆಂಡ್ರಾಯ್ಡ್ 12ರಿಂದ ಈಚಿನ ಫೋನುಗಳಲ್ಲಿ ಇದು ಸಿಗುತ್ತದೆ, ಐಫೋನಿನಲ್ಲಿ ಐಒಎಸ್ 14ರಿಂದ. ಮಳೆ ನೋಡಲು ಊರು ಗೊತ್ತಾದರೆ ಸಾಕು, ಮನೆ ಗೊತ್ತಾಗಬೇಕಿಲ್ಲ.

ಅವರು ಸ್ವಿಚ್ ಆರಿಸಿ ಸೈಟು ತೆರೆದು ನೋಡಿದರು. ‘ಮೋಡ ತೋರಿಸ್ತಾ ಇದೆ, ನಾಳೆ ಕಾಫಿ ಹರವಲ್ಲ’ ಅಂದರು.