ಇಮ್ಯುನಿಟಿ ಗಟ್ಟಿ ಇದ್ದರೆ ಚರ್ಮದ ಕ್ಯಾನ್ಸರ್ ಬರೋದಿಲ್ವಾ?

ದಾವಣಗೆರೆಯಲ್ಲಿ ಚರ್ಮದ ಡಾಕ್ಟರ್ ಆಗಿರುವ ನನಗೆ ಕ್ಲಿನಿಕ್ಕಿನಲ್ಲಿ, ಮದುವೆಮನೆಯಲ್ಲಿ, ಎಲ್ಲಿ ಹೋದರೂ ಎದುರಾಗುವ ಪ್ರಶ್ನೆ ಇದು. "ಡಾಕ್ಟ್ರೇ, ಇಮ್ಯುನಿಟಿ ಚೆನ್ನಾಗಿದ್ರೆ ಚರ್ಮದ ಕ್ಯಾನ್ಸರ್ ಬರೋದಿಲ್ಲ ಅಲ್ವಾ? ಅದಕ್ಕೆ ಏನು ತಿನ್ನಬೇಕು?"

ಮೊದಲ ಮಾತು ಅರ್ಧ ಸರಿ. ರೋಗನಿರೋಧಕ ಶಕ್ತಿಗೂ ಈ ಕಾಯಿಲೆಗೂ ತುಂಬಾ ಹತ್ತಿರದ ನಂಟಿದೆ. ಆದರೆ ಅದು ತಿಂದು ಹೆಚ್ಚಿಸಿಕೊಳ್ಳುವಂಥದ್ದಲ್ಲ. ಕೆಟ್ಟ ಜೀವಕೋಶ ನಮ್ಮ ರಕ್ಷಣಾ ಕೋಶಗಳ ಕಣ್ಣಿಗೆ ಬೀಳುತ್ತದಾ, ಬಿದ್ದರೂ ಅದನ್ನು ಕೊಲ್ಲಲು ಅವಕ್ಕೆ ಆಗುತ್ತದಾ? ಎಲ್ಲ ನಿಂತಿರುವುದು ಇದರ ಮೇಲೆ.

ಕಿಡ್ನಿ ಕಸಿ ಮಾಡಿಸಿಕೊಂಡವರನ್ನು ನೋಡಿ. ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕಬಾರದು ಅಂತ ಅವರಿಗೆ ನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಕೊಡುತ್ತಾರೆ. ಬಿಳಿ ಚರ್ಮದವರ ದೇಶಗಳಲ್ಲಿ ಇಂಥವರಿಗೆ ಸ್ಕ್ವಾಮಸ್ ಸೆಲ್ ಎಂಬ ಚರ್ಮದ ಕ್ಯಾನ್ಸರ್ ಬೇರೆಯವರಿಗಿಂತ ಹತ್ತಾರು ಪಟ್ಟು ಜಾಸ್ತಿ. ಅಂದರೆ ಮಾಮೂಲಿ ದಿನಗಳಲ್ಲಿ ಇಂಥ ಎಷ್ಟೋ ಕೋಶಗಳನ್ನು ದೇಹ ಸದ್ದಿಲ್ಲದೆ ಮುಗಿಸುತ್ತಿರುತ್ತದೆ.

ಬಿಸಿಲು ಎರಡು ಕಡೆಯಿಂದ ಪೆಟ್ಟು ಕೊಡುತ್ತದೆ. ನೇರಳಾತೀತ ಕಿರಣ ಕೋಶದ ಡಿಎನ್‌ಎ ಕೆಡಿಸುತ್ತದೆ, ಜೊತೆಗೆ ಚರ್ಮದಲ್ಲಿ ಕಾವಲಿರುವ ಲ್ಯಾಂಗರ್‌ಹಾನ್ಸ್ ಕೋಶಗಳನ್ನೂ ಕಡಿಮೆ ಮಾಡುತ್ತದೆ. 1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಕ್ರಿಪ್ಕೆ ಇದನ್ನು ಇಲಿಗಳಲ್ಲಿ ತೋರಿಸಿದರು. ಆ ಕಿರಣದಿಂದ ಹುಟ್ಟಿದ ಗಡ್ಡೆಯನ್ನು ಆರೋಗ್ಯವಂತ ಇಲಿಗೆ ಇಟ್ಟರೆ ಅದರ ದೇಹ ಗಡ್ಡೆಯನ್ನು ಅಳಿಸಿಹಾಕುತ್ತಿತ್ತು. ಮೊದಲೇ ಕಿರಣಕ್ಕೆ ಒಡ್ಡಿದ ಇಲಿಯಲ್ಲಿ ಅದೇ ಗಡ್ಡೆ ಬೆಳೆಯುತ್ತಿತ್ತು.

ನಮ್ಮ ಚರ್ಮದ ಕಪ್ಪು ಬಣ್ಣ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ಹಾಗಾಗಿ ಇಲ್ಲಿ ಈ ಕಾಯಿಲೆ ಕಡಿಮೆ. ಆದರೆ ಬರುವ ದಾರಿ ಬೇರೆ ಇದೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿದ ಹಿರಿಯರೊಬ್ಬರು ಬಂದಿದ್ದರು. ಪ್ರಾಯದಲ್ಲಿ ಕಾದ ಮರಳು ಬಿದ್ದು ಮೊಣಕಾಲ ಕೆಳಗೆ ಸುಟ್ಟಿತ್ತು. ಬಿಗಿಯಾದ, ಹೊಳೆಯುವ ಕಲೆ ಉಳಿದಿತ್ತು. ಆ ಕಲೆಯ ನಡುವೆ ಈಗ ಹುಣ್ಣು. ಅಂಚು ದಪ್ಪಗೆ ಎದ್ದು ಹೊರಕ್ಕೆ ಮಗುಚಿಕೊಂಡಿತ್ತು. ಮುಟ್ಟಿದರೆ ಗಟ್ಟಿ, ಸವರಿದರೆ ರಕ್ತ. ನೋವು ಅಷ್ಟಾಗಿ ಇರಲಿಲ್ಲ. "ಅರಿಶಿಣ ಹಚ್ತಾನೇ ಇದೀನಿ ಡಾಕ್ಟ್ರೇ, ಮಾಯೋದೇ ಇಲ್ಲ" ಅಂದರು. ಅಂಚಿನ ಚೂರು ತೆಗೆದು ಬಯಾಪ್ಸಿಗೆ ಕಳಿಸಿದೆ. ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಅಂತ ಬಂತು. ಹಳೇ ಕಲೆಯಲ್ಲಿ ಹುಟ್ಟುವ ಇದಕ್ಕೆ ಮಾರ್ಜೊಲಿನ್ ಹುಣ್ಣು ಅಂತ ಹೆಸರು. ಅಲ್ಲೇ ಯಾಕೆ ಅನ್ನೋದಕ್ಕೆ ವೈದ್ಯರು ಕೊಡುವ ಒಂದು ವಿವರಣೆ ನನಗೆ ಒಪ್ಪಿಗೆಯಾಗುತ್ತದೆ: ಗಡುಸಾದ ಕಲೆಯಲ್ಲಿ ರಕ್ತನಾಳ, ಲಿಂಫ್ ನಾಳ ಕಡಿಮೆ, ಹಾಗಾಗಿ ರಕ್ಷಣಾ ಕೋಶಗಳ ಓಡಾಟವೂ ಕಡಿಮೆ.

ಹಾಗಾದರೆ ಇಮ್ಯುನಿಟಿ ಸರಿಯಾಗಿದ್ದವರಿಗೂ ಯಾಕೆ ಬರುತ್ತೆ? ಕೆಟ್ಟ ಕೋಶಗಳನ್ನು ಗುರುತಿಸಿ ಕೊಲ್ಲುವ ರಕ್ಷಣಾ ಕೋಶಗಳಾದ ನಮ್ಮ ಟಿ ಕೋಶಗಳು ಹದ್ದು ಮೀರಿ ನಮ್ಮ ಮೈಯನ್ನೇ ತಿನ್ನದಿರಲಿ ಅಂತ ಅವಕ್ಕೆ ಬ್ರೇಕ್ ಇರುತ್ತದೆ. ಕ್ಯಾನ್ಸರ್ ಕೋಶ ಹೋಗಿ ಆ ಬ್ರೇಕನ್ನೇ ಒತ್ತುತ್ತದೆ. ಟಿ ಕೋಶ ಪಕ್ಕದಲ್ಲೇ ಇದ್ದರೂ ಸುಮ್ನೆ ನಿಂತುಬಿಡುತ್ತದೆ. ಸಿಟಿಎಲ್‌ಎ-4 ಮತ್ತು ಪಿಡಿ-1 ಎಂಬ ಈ ಬ್ರೇಕುಗಳ ಮೇಲಿನ ಸಂಶೋಧನೆಗೆ ವಿಜ್ಞಾನಿಗಳಾದ ಜೇಮ್ಸ್ ಆ್ಯಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಬ್ರೇಕ್ ಬಿಡಿಸುವ ಮೊದಲ ಔಷಧ ಇಪಿಲಿಮುಮ್ಯಾಬ್‌ಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೇ. ಮೈಯೆಲ್ಲ ಹರಡಿದ ಮೆಲನೋಮಾ ಇದ್ದವರಲ್ಲಿ ಕೆಲವರು ಇಂಥ ಔಷಧಗಳಿಂದ ವರ್ಷಗಟ್ಟಲೆ ಬದುಕುತ್ತಿದ್ದಾರೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಸಂತೋಷದ ಸುದ್ದಿ ಕಡಿಮೆ.

ಬ್ರೇಕ್ ತೆಗೆದರೆ ಅಪಾಯವೂ ಇದೆ. ಕರುಳು, ಥೈರಾಯ್ಡ್, ಲಿವರ್ ಮೇಲೇ ದಾಳಿ ಆಗಬಹುದು. ಕೆಲವರಿಗೆ ಮೈಮೇಲೆ ತೊನ್ನಿನ ಬಿಳಿ ಕಲೆ ಏಳುತ್ತದೆ. ಮೆಲನೋಮಾ ಹುಟ್ಟುವುದು ಬಣ್ಣ ಕೊಡುವ ಕೋಶದಿಂದ, ಅದನ್ನು ಹುಡುಕಿ ಹೊಡೆಯುವಾಗ ಆರೋಗ್ಯವಾಗಿರುವ ಬಣ್ಣದ ಕೋಶಕ್ಕೂ ಪೆಟ್ಟು ಬೀಳುತ್ತದೆ. ಹಾಗೆ ಬಿಳಿ ಕಲೆ ಬಂದವರಿಗೆ ಔಷಧ ಚೆನ್ನಾಗಿ ಹಿಡಿಯುವುದು ಹೆಚ್ಚು. ತೊನ್ನು ಅಂದ ಕೂಡಲೇ ದೂರ ಸರಿಯುವ ಜನ ಇದನ್ನು ತಿಳಿಯಬೇಕು.

ನಮ್ಮಲ್ಲಿ ಮೆಲನೋಮಾ ಹೆಚ್ಚಾಗಿ ಕಾಣುವುದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಇದು ಬಿಸಿಲಿನದಲ್ಲ. ಡಿಎನ್‌ಎ ಬದಲಾವಣೆಗಳು ಇದರಲ್ಲಿ ಕಡಿಮೆ, ಅದಕ್ಕೇ ಟಿ ಕೋಶಕ್ಕೆ ಇದರ ಗುರುತು ಸಿಗುವುದೂ ಕಷ್ಟ. ಹೊಸ ಔಷಧಗಳಿಗೂ ಇದು ಅಷ್ಟಾಗಿ ಬಗ್ಗುವುದಿಲ್ಲ. ಹಾಗಾಗಿ ಬೇಗ ಕತ್ತರಿಸಿ ತೆಗೆಯುವುದೇ ದೊಡ್ಡ ದಾರಿ. ಬರಿಗಾಲಲ್ಲಿ ಗದ್ದೆಗಿಳಿಯುವವರು ಇದನ್ನು ಆಣಿ ಅಂದುಕೊಂಡು ಬ್ಲೇಡಿನಲ್ಲಿ ಹೆರೆಯುತ್ತಾ ಇರುತ್ತಾರೆ. ದಯವಿಟ್ಟು ಹೆರೆಯಬೇಡಿ.

ಇನ್ನು ಏನು ತಿನ್ನಬೇಕು ಅನ್ನೋದು. ಚರ್ಮದ ಕ್ಯಾನ್ಸರ್ ತಡೆಯುವ ಪುಡಿ, ಕಷಾಯ ಯಾವುದೂ ಇಲ್ಲ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಸೇವಿಸಿ ಲಿವರ್ ಕೆಡಿಸಿಕೊಂಡವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ಬರೆದಿದ್ದರು. ಕಸಿ ಮಾಡಿಸಿಕೊಂಡವರಂತೂ ಇಂಥದ್ದನ್ನು ತಮ್ಮ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು, ಮಾತ್ರೆಯನ್ನು ತಾವಾಗಿ ನಿಲ್ಲಿಸಲೂಬಾರದು. ಅವರು ಬಿಸಿಲಿಗೆ ತುಂಬು ತೋಳಿನ ಅಂಗಿ ಹಾಕಿಕೊಂಡು, ವರ್ಷಕ್ಕೊಮ್ಮೆಯಾದರೂ ಮೈಪೂರ್ತಿ ಚರ್ಮ ತೋರಿಸಲಿ. ಉಳಿದವರು ತಿಂಗಳಾದರೂ ಮಾಯದ ಹುಣ್ಣು, ದೊಡ್ಡದಾಗುತ್ತಿರುವ ಮಚ್ಚೆ, ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ ಕಂಡರೆ ಬನ್ನಿ. ಬರುವಾಗ ಅದರ ಮೇಲೆ ಏನೂ ಹಚ್ಚಿಕೊಂಡು ಬರಬೇಡಿ. ಅರಿಶಿಣದ ಅಡಿಯಲ್ಲಿ ಅಂಚು ಕಾಣುವುದಿಲ್ಲ.